ಆಟಕ್ಕೆ ಲೆಕ್ಕವನ್ನು ಕಲಿಸಿದ ಹೆನ್ರಿ ಚಾಡ್ವಿಕ್

ಕಾವ್ಯವು ವೀರರನ್ನು ಬದುಕಿಸುವಂತೆ ಲೆಕ್ಕದ ಪುಸ್ತಕವೂ ಆಟಗಾರರನ್ನು ಬದುಕಿಸಬಲ್ಲುದೆಂದರೆ ಕೆಲವರಿಗೆ ವಿಚಿತ್ರವೆನಿಸೀತು. ನಮ್ಮ ಮುಧೋಳದ ಮಣ್ಣಿನಲ್ಲಿ ಜನಿಸಿದ ಕವಿಚಕ್ರವರ್ತಿ ರನ್ನನು ಸಾವಿರ ವರ್ಷಗಳ ಹಿಂದೆ ಭೀಮ-ದುರ್ಯೋಧನರ ಗದಾಯುದ್ಧವನ್ನು ಕಾವ್ಯವಾಗಿಸಿದನಾದುದರಿಂದ ಆ ಇಬ್ಬರ ಸೆಣಸಾಟವು ಇಂದಿಗೂ ಕನ್ನಡಿಗರ ಕಣ್ಣಮುಂದಿದೆ. ಆದರೆ ಅದೇ ಸೀಮೆಯ ಜಾತ್ರೆಗಳಲ್ಲಿ ಕೆಮ್ಮಣ್ಣಿನ ಕಣಕ್ಕಿಳಿದು ಗೆದ್ದ ಪೈಲವಾನರೆಷ್ಟು ಮಂದಿ! ಬಯಲಿನಲ್ಲಿ ಕಬಡ್ಡಿ, ಖೋ-ಖೋಗಳನ್ನಾಡಿ ತಮ್ಮ ಊರಿಗೆ ಹೆಸರು ತಂದವರೆಷ್ಟು ಮಂದಿ! ಅವರನ್ನು ಕಂಡವರು ಇರುವವರೆಗೆ ಅವರ ಹೆಸರು. ಕಂಡವರು ಕಣ್ಮರೆಯಾದ ಮೇಲೆ ಹೆಸರೂ ಕಣ್ಮರೆ. ರನ್ನನಂತಹ ಕವಿಯು ಎಲ್ಲರ ಪಾಲಿಗೂ ಒದಗುವುದಿಲ್ಲ. ಆದರೆ ಪ್ರಾಮಾಣಿಕವಾಗಿ ಬರೆದಿಟ್ಟ ಒಂದು ಲೆಕ್ಕದ ಪುಸ್ತಕ ಎಲ್ಲರ ಪಾಲಿಗೂ ಒದಗಬಹುದು.

ಇಂತಹ ಲೆಕ್ಕವನ್ನು ಒಂದು ಶಾಸ್ತ್ರದ ಅಂತಸ್ತಿಗೆ ಏರಿಸಿ, ಐವತ್ತು ವರ್ಷಗಳಿಗೂ ಮಿಕ್ಕು ಅದನ್ನೇ ಕಾಯಕವೆಂದು ನಡೆಸಿದ ಮಹನೀಯರು ಹೆನ್ರಿ ಚಾಡ್ವಿಕ್. ಅಮೆರಿಕದ ಬೇಸ್‌ಬಾಲ್ ಆಟದ ಪಿತಾಮಹರೆಂದು ಅವರಿಗೆ ಪ್ರಸಿದ್ಧಿ. ಇಂದು ವೃತ್ತಿಪರ ತಂಡಗಳು ಆಟಗಾರನನ್ನು ಕೊಳ್ಳುವಾಗ, ಕೈಬಿಡುವಾಗ, ಯಾರನ್ನು ಯಾವಾಗ ಕಣಕ್ಕಿಳಿಸಬೇಕೆಂದು ನಿರ್ಧರಿಸುವಾಗ ಅಂಕಿ-ಅಂಶಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುತ್ತವೆ. ಸಂಖ್ಯಾಶಾಸ್ತ್ರ ಬಲ್ಲವರು ತರಬೇತುದಾರರ ಮಗ್ಗುಲಲ್ಲಿಯೇ ಆಸೀನರಾಗಿರುತ್ತಾರೆ. ಈ ಪದ್ಧತಿಯ ಬೇರನ್ನು ಹುಡುಕುತ್ತ ಹೋದರೆ ನಾವು ತಲಪುವುದು ಹತ್ತೊಂಬತ್ತನೆಯ ಶತಮಾನದ ಬ್ರೂಕ್ಲಿನ್ ನಗರದ ಈ ಪತ್ರಿಕಾ ಬರಹಗಾರರ ಮೇಜಿನ ಬಳಿಗೆ. ಅವರ ಸಾಧನೆಯಂತೆಯೇ ಅವರ ದೃಷ್ಟಿಗೆ ಬೀಳದೆ ಉಳಿದ ಸಂಗತಿಯೂ ನಮಗೆ ಪಾಠವಾಗಬಲ್ಲುದು. ವಿಶೇಷವಾಗಿ, ವರ್ಷವಿಡೀ ಮಕ್ಕಳಿಗೆ ಅಂಕಗಳನ್ನು ಹಂಚುವ ಅಧ್ಯಾಪಕ ಬಂಧುಗಳು ಈ ಜೀವನವನ್ನು ಅವಲೋಕಿಸುವುದು ಉಚಿತ.

ಚಾಡ್ವಿಕ್ಕರು 1824ನೆಯ ಇಸವಿ ಅಕ್ಟೋಬರ್ 5ರಂದು ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಜನಿಸಿದರು. ತಂದೆ ಜೇಮ್ಸ್ ಚಾಡ್ವಿಕ್ಕರು ಪತ್ರಿಕಾ ಸಂಪಾದಕರು, ಉದಾರ ವಿಚಾರಗಳನ್ನುಳ್ಳವರು. ಅವರ ಮೊದಲ ಹೆಂಡತಿಯ ಮಗ ಎಡ್ವಿನ್ ಚಾಡ್ವಿಕ್ ತಮ್ಮನಿಗಿಂತ 24 ವರ್ಷ ಹಿರಿಯ. ಈ ಅಣ್ಣನ ಹೆಸರು ಲೋಕದ ಆರೋಗ್ಯಶಾಸ್ತ್ರದ ಇತಿಹಾಸದಲ್ಲಿ ಬಹು ದೊಡ್ಡದು. ಇಂಗ್ಲೆಂಡಿನ ದುಡಿಯುವ ಜನರ ವಸತಿ ನೈರ್ಮಲ್ಯವನ್ನು ಕುರಿತು ಎಡ್ವಿನ್ನರು 1842ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಕೋಷ್ಟಕವಿದೆ. ಮ್ಯಾಂಚೆಸ್ಟರ್ ನಗರದಲ್ಲಿ ಕೂಲಿಕಾರ ಕುಟುಂಬಗಳಲ್ಲಿ ತೀರಿಕೊಂಡವರ ಸರಾಸರಿ ವಯಸ್ಸು 17. ಅದೇ ನಗರದ ಉಳ್ಳವರ ಮನೆಗಳಲ್ಲಿ 38. ರಟ್ಲಂಡ್ ಎಂಬ ಗ್ರಾಮಾಂತರ ಸೀಮೆಯ ಕೂಲಿಕಾರರಲ್ಲಿಯೂ ಅದು 38. ಹಳ್ಳಿಯ ಬಡವನ ಆಯುಷ್ಯವು ಪಟ್ಟಣದ ಸಿರಿವಂತನ ಆಯುಷ್ಯಕ್ಕೆ ಸಮನೆಂದು ತೋರಿದ ಈ ಕೋಷ್ಟಕವು ಕೊಳಚೆ ನೀರು, ಕಸ, ಇಕ್ಕಟ್ಟಾದ ಮನೆಗಳತ್ತ ಅರಸೊತ್ತಿಗೆಯ ದೃಷ್ಟಿಯನ್ನು ಸೆಳೆಯಿತು. 1848ರಲ್ಲಿ ಸಾರ್ವಜನಿಕ ಆರೋಗ್ಯದ ಶಾಸನವು ಜಾರಿಗೆ ಬಂದಿತು. ಕೂಸುಗಳ ಮರಣವೇ ಇಂತಹ ಸರಾಸರಿಯನ್ನು ಬಹಳವಾಗಿ ಕೆಳಗಿಳಿಸುತ್ತದೆ, ಒಂದೊಂದು ಊರಿನಲ್ಲಿಯೂ ಎಳೆಯರೆಷ್ಟು, ಮುದುಕರೆಷ್ಟು ಎಂಬುದನ್ನು ನೋಡದೆ ಹೋಲಿಸಲಾಗದು ಎಂದು ಅಂದಿನ ಗಣಕರೇ ಆಕ್ಷೇಪಿಸಿದರು. ಆ ಆಕ್ಷೇಪವೂ ನ್ಯಾಯವಾದುದೇ. ಅಂಕಿಯು ಸತ್ಯದ ಬಾಗಿಲನ್ನು ತೆರೆಯುತ್ತದೆ, ಆದರೆ ಒಳಗಿರುವುದನ್ನೆಲ್ಲ ತಾನೇ ತೋರಿಸದು. ಅಣ್ಣನ ಕೋಷ್ಟಕದಲ್ಲಿದ್ದ ಈ ಬಲವೂ ಈ ಮಿತಿಯೂ ಮುಂದೆ ತಮ್ಮನ ಕೋಷ್ಟಕದಲ್ಲಿಯೂ ಕಾಣಿಸಿಕೊಂಡವು.

1837ರಲ್ಲಿ ಜೇಮ್ಸ್ ಚಾಡ್ವಿಕ್ಕರು ಸಂಸಾರ ಸಮೇತರಾಗಿ ಅಮೆರಿಕಕ್ಕೆ ವಲಸೆ ಹೋಗಿ ಬ್ರೂಕ್ಲಿನ್ನಿನಲ್ಲಿ ನೆಲೆಸಿದರು. ಆಗ ಹೆನ್ರಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ಯೌವನದಲ್ಲಿ ಅವರು ಸಂಗೀತವನ್ನು ಕಲಿಸುತ್ತಿದ್ದರು. ತಾಳ-ಲಯಗಳ ಲೆಕ್ಕವನ್ನು ಬಲ್ಲ ಕೈಯೇ ಮುಂದೆ ಆಟದ ಲೆಕ್ಕಕ್ಕೂ ತೊಡಗಿತು. 1848ರಲ್ಲಿ ವರ್ಜೀನಿಯದ ಜೇನ್ ಬಾಟ್ಸ್ ಎಂಬವರನ್ನು ವಿವಾಹವಾದರು. ಹುಟ್ಟುನಾಡಿನಿಂದ ತಂದ ಕ್ರಿಕೆಟ್ಟಿನ ಅಕ್ಕರೆ ಅವರನ್ನು ಬಿಡಲಿಲ್ಲ. ಇಂದಿನವರಿಗೆ ಆಶ್ಚರ್ಯವೆನಿಸಬಹುದು, ಆ ಕಾಲದ ನ್ಯೂಯಾರ್ಕಿನಲ್ಲಿ ಕ್ರಿಕೆಟ್ ಬಹು ಜನಪ್ರಿಯವಾಗಿತ್ತು. 1844ರಲ್ಲಿಯೇ ಅಲ್ಲಿ ಅಮೆರಿಕ ಮತ್ತು ಕೆನಡಾಗಳ ನಡುವೆ ಪಂದ್ಯವು ನಡೆದಿತ್ತು. ಚಾಡ್ವಿಕ್ಕರು ಪತ್ರಿಕೆಗಳಿಗೆ ಕ್ರಿಕೆಟ್ಟಿನ ವರದಿಗಳನ್ನು ಬರೆಯುತ್ತ ಬರಹಗಾರರಾದರು.

1856ರಲ್ಲಿ ಅವರ ಜೀವನದ ದಿಕ್ಕು ಬದಲಾಯಿತು. ನ್ಯೂಯಾರ್ಕಿನ ಎದುರುದಂಡೆಯ ಹೊಬೋಕನ್ ಎಂಬಲ್ಲಿ, ಎಲಿಸಿಯನ್ ಫೀಲ್ಡ್ಸ್ ಎಂಬ ವಿಶಾಲವಾದ ಬಯಲಿನಲ್ಲಿ, ಈಗಲ್ ಮತ್ತು ಗಾಥಮ್ ಎಂಬ ಎರಡು ಸಂಘಗಳು ಬೇಸ್‌ಬಾಲ್ ಆಡುತ್ತಿದ್ದುದನ್ನು ಅವರು ಕಂಡರು. ಆ ಆಟದ ಚುರುಕನ್ನೂ ವೇಗವನ್ನೂ ನೋಡಿದೊಡನೆಯೇ ಇದು ಅಮೆರಿಕದ ಜನರಿಗೆ ರಾಷ್ಟ್ರೀಯ ಆಟವಾಗಲು ತಕ್ಕುದೆಂಬ ಭಾವನೆ ಅವರಲ್ಲಿ ನೆಲೆಗೊಂಡಿತು. ಮರುವರ್ಷ ನ್ಯೂಯಾರ್ಕ್ ಕ್ಲಿಪರ್ ಎಂಬ ಕ್ರೀಡಾ ವಾರಪತ್ರಿಕೆಯನ್ನು ಸೇರಿದರು; ಬ್ರೂಕ್ಲಿನ್ನಿನ ಈಗಲ್ ಪತ್ರಿಕೆಗೂ ದೀರ್ಘಕಾಲ ಬರೆದರು.

ಈ ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಬೇಸ್‌ಬಾಲಿನಲ್ಲಿ ತಂಡಕ್ಕೆ ಒಂಬತ್ತು ಜನ. ಚೌಕಾಕಾರದ ನೆಲದ ನಾಲ್ಕು ಮೂಲೆಗಳಲ್ಲಿ ನಾಲ್ಕು ತಾಣಗಳಿರುತ್ತವೆ. ಎಸೆತಗಾರನು ಎಸೆದ ಚೆಂಡನ್ನು ದಾಂಡಿಗನು ಹೊಡೆದು ಓಡಬೇಕು. ಮೂರು ತಾಣಗಳನ್ನು ಮುಟ್ಟಿ ಮರಳಿ ಮೊದಲಿನ ಮನೆಗೆ ಬಂದರೆ ಒಂದು ಓಟ. ಮೂವರು ಔಟಾದರೆ ಸರದಿ ಎದುರು ತಂಡದ್ದು. ಹೀಗೆ ಒಂಬತ್ತು ಸುತ್ತುಗಳು. ಎಸೆತಗಾರನು ದಾಂಡಿಗನ ಅಳವಿಗೆ ಸಿಗದಂತೆ ನಿಗದಿಯಾದಷ್ಟು ಸಲ ತಪ್ಪಾಗಿ ಎಸೆದರೆ ದಾಂಡಿಗನು ಹೊಡೆಯದೆಯೇ ಮೊದಲ ತಾಣಕ್ಕೆ ನಡೆದು ಹೋಗಬಹುದು. ಇದಕ್ಕೆ ನಡಿಗೆ ಎನ್ನೋಣ. ಈ ನಡಿಗೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳಿ ಬರಬೇಕಾಗಿದೆ.

ಚಾಡ್ವಿಕ್ಕರ ಮೊದಲ ದೊಡ್ಡ ಕಾರ್ಯವೆಂದರೆ ಕ್ರಿಕೆಟ್ಟಿನ ಸ್ಕೋರು ಪಟ್ಟಿಯ ಮಾದರಿಯನ್ನು ಬೇಸ್‌ಬಾಲಿಗೆ ಒಗ್ಗಿಸಿದುದು. ಅದಕ್ಕೂ ಮುನ್ನ ಪತ್ರಿಕೆಗಳಲ್ಲಿ ಕಿರುಪಟ್ಟಿಗಳು ಬರುತ್ತಿದ್ದವಾದರೂ, 1859ರಿಂದ ಅವರು ರೂಢಿಗೆ ತಂದ ಚೌಕುಳಿ ಕೋಷ್ಟಕವೇ ಕ್ರಮೇಣ ಎಲ್ಲೆಡೆ ಪ್ರಮಾಣವಾಯಿತು. ಪ್ರತಿಯೊಬ್ಬ ಆಟಗಾರನಿಗೆ ಒಂದು ಸಾಲು. ಅವನು ಗಳಿಸಿದ ಓಟ, ಹೊಡೆದ ಹೊಡೆತ, ಎದುರಾಳಿಯನ್ನು ಔಟು ಮಾಡಿದ ಸಂಖ್ಯೆ, ಔಟು ಮಾಡಲು ನೆರವಾದ ಸಂಖ್ಯೆ ಇವುಗಳಿಗೆ ಬೇರೆ ಬೇರೆ ಮನೆಗಳು. ಆಟವು ನಡೆಯುತ್ತಿರುವಾಗಲೇ ಬರೆದುಕೊಳ್ಳಲು ಒಂದೊಂದಕ್ಷರದ ಸಂಕೇತಗಳನ್ನು ನಿರ್ಮಿಸಿದರು. ಮೂರು ಸಲ ಬೀಸಿ ವಿಫಲನಾಗಿ ಔಟಾದವನ ಮುಂದೆ ಇಂಗ್ಲಿಷಿನ ಕೆ ಅಕ್ಷರವನ್ನು ಬರೆಯುವ ಪದ್ಧತಿಯು ಅವರದೇ. ಸ್ಟ್ರಕ್ ಎಂಬ ಇಂಗ್ಲಿಷ್ ಪದದ ಕೊನೆಯ ಅಕ್ಷರವದು. ಇಂದಿಗೂ ಅಮೆರಿಕದ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರು ಆ ಅಕ್ಷರದ ಫಲಕಗಳನ್ನು ತೂಗುಹಾಕುತ್ತಾರೆ.

ಈ ಕೋಷ್ಟಕದ ಮರ್ಮವನ್ನು ನಮ್ಮ ರಬಕವಿ-ಬನಹಟ್ಟಿಯ ನೇಕಾರರಿಗೂ ಅಂಗಡಿಕಾರರಿಗೂ ಬಹು ಬೇಗ ತಿಳಿಸಬಹುದು. ಅದು ಜಮಾ-ಖರ್ಚಿನ ಕೀರ್ದಿ ಇದ್ದಂತೆ. ಒಬ್ಬ ದಾಂಡಿಗನು ಔಟಾದನೆಂದರೆ ಅವನ ಖರ್ಚಿನಲ್ಲಿ ಒಂದು. ಅವನನ್ನು ಔಟು ಮಾಡಿದ ಎದುರಾಳಿಯ ಜಮೆಯಲ್ಲಿ ಒಂದು. ದಿನದ ಕೊನೆಗೆ ಈ ಕಡೆಯ ಖರ್ಚು ಆ ಕಡೆಯ ಜಮೆಗೆ ತಾಳೆಯಾಗಲೇಬೇಕು. ತಾಳೆಯಾಗದಿದ್ದರೆ ಬರೆದವನ ತಪ್ಪು ಅಲ್ಲಿಯೇ ಬಯಲಾಗುತ್ತದೆ. ಪಂದ್ಯವನ್ನು ಕಾಣದವನೂ ಸಾವಿರ ಮೈಲು ದೂರ ಕುಳಿತು ಯಾರು ಏನು ಮಾಡಿದರೆಂಬುದನ್ನು ಈ ಪಟ್ಟಿಯಿಂದ ತಿಳಿಯಬಹುದಾಗಿತ್ತು. 1860ರಲ್ಲಿ ಅವರು ಸಂಪಾದಿಸಿದ ಬೀಡಲ್ ಸಂಸ್ಥೆಯ ಕೈಪಿಡಿಯು ಹತ್ತು ಸೆಂಟುಗಳ ಅಗ್ಗದ ಬೆಲೆಗೆ ಆಟದ ನಿಯಮಗಳನ್ನೂ ಅಂಕಿಗಳನ್ನೂ ಊರೂರಿಗೆ ಮುಟ್ಟಿಸಿತು.

ಪಟ್ಟಿಯನ್ನು ಬರೆಯುವುದು ಒಂದು. ಪಟ್ಟಿಯಿಂದ ನ್ಯಾಯವನ್ನು ತೆಗೆಯುವುದು ಇನ್ನೊಂದು. ಚಾಡ್ವಿಕ್ಕರು ಮೊದಲು ಪಂದ್ಯವೊಂದಕ್ಕೆ ಎಷ್ಟು ಓಟ, ಎಷ್ಟು ಹೊಡೆತ ಎಂಬ ಸರಾಸರಿಯನ್ನು ಬಳಸಿದರು. ಇದರಲ್ಲಿ ಒಂದು ಅನ್ಯಾಯವು ಅಡಗಿತ್ತು. ಬಲವಾದ ತಂಡದಲ್ಲಿ ಸರದಿಯು ಬೇಗ ಬೇಗ ಸುತ್ತಿ ಬರುವುದರಿಂದ ಅಲ್ಲಿಯ ಆಟಗಾರನಿಗೆ ದಾಂಡು ಹಿಡಿಯುವ ಅವಕಾಶ ಹೆಚ್ಚು. ಉದಾಹರಣೆಗೆ ಇಬ್ಬರು ಆಟಗಾರರನ್ನು ಕಲ್ಪಿಸಿಕೊಳ್ಳೋಣ. ಬಲವಾದ ತಂಡದವನು 10 ಪಂದ್ಯಗಳಲ್ಲಿ 50 ಸಲ ದಾಂಡು ಹಿಡಿದು 20 ಹೊಡೆತಗಳನ್ನು ಗಳಿಸಿದ; ದುರ್ಬಲ ತಂಡದವನು ಅಷ್ಟೇ ಪಂದ್ಯಗಳಲ್ಲಿ 35 ಸಲ ದಾಂಡು ಹಿಡಿದು 15 ಗಳಿಸಿದ. ಪಂದ್ಯದ ಲೆಕ್ಕದಲ್ಲಿ ಮೊದಲನೆಯವನದು 2, ಎರಡನೆಯವನದು ಒಂದೂವರೆ. ಅವಕಾಶದ ಲೆಕ್ಕದಲ್ಲಿ ನೂರಕ್ಕೆ ಮೊದಲನೆಯವನದು 40, ಎರಡನೆಯವನದು ಸುಮಾರು 43. ಹಿಂದೆ ಬಿದ್ದವನೇ ಮುಂದಿದ್ದಾನೆ! 1870ರ ದಶಕದ ಆದಿಯಲ್ಲಿ ಡಾಬ್ಸನ್ ಎಂಬವರು ಈ ಅವಕಾಶದ ಲೆಕ್ಕವನ್ನು ಸೂಚಿಸಿದಾಗ ಚಾಡ್ವಿಕ್ಕರು ಅದನ್ನು ಒಪ್ಪಿ ಪ್ರಚಾರಕ್ಕೆ ತಂದರು. ತಾವು ಬಳಸಿದ ಪದ್ಧತಿಗಿಂತ ಇನ್ನೊಬ್ಬರ ಪದ್ಧತಿ ಮೇಲೆಂದು ಕಂಡಾಗ ಒಪ್ಪುವ ದೊಡ್ಡತನ ಅವರಿಗಿತ್ತು.

ಎಸೆತಗಾರನ ವಿಷಯದಲ್ಲಿಯೂ ಅವರು ಇಂತಹುದೇ ವಿವೇಚನೆಯನ್ನು ತೋರಿದರು. ಎದುರಾಳಿಯು ಗಳಿಸಿದ ಓಟಗಳಿಗೆಲ್ಲ ಎಸೆತಗಾರನನ್ನೇ ಹೊಣೆ ಮಾಡುವುದು ಸರಿಯಲ್ಲ. ಹಿಂದೆ ನಿಂತವನು ಕೈಗೆ ಬಂದ ಚೆಂಡನ್ನು ಬಿಟ್ಟದ್ದರಿಂದ ಬಂದ ಓಟವೇ ಬೇರೆ, ದಾಂಡಿಗನು ತನ್ನ ಸಾಮರ್ಥ್ಯದಿಂದ ಗಳಿಸಿದ ಓಟವೇ ಬೇರೆ. 1860ರ ದಶಕದಲ್ಲಿಯೇ ಈ ಎರಡನ್ನೂ ಬೇರ್ಪಡಿಸಿ ಬರೆಯುವ ಕ್ರಮವನ್ನು ಅವರು ಆರಂಭಿಸಿದರು. ಪರರ ತಪ್ಪಿಗೆ ಒಬ್ಬನನ್ನು ದಂಡಿಸಬಾರದೆಂಬ ಧರ್ಮಸೂಕ್ಷ್ಮವು ಇಲ್ಲಿ ಅಂಕಿಯ ರೂಪವನ್ನು ತಾಳಿದೆ.

ನಿಯಮಗಳ ಸುಧಾರಣೆಯಲ್ಲಿಯೂ ಅವರ ಪಾತ್ರ ಹಿರಿದು. ಆಗಿನ ಕಾಲಕ್ಕೆ ನೆಲಕ್ಕೆ ಒಮ್ಮೆ ಪುಟಿದ ಚೆಂಡನ್ನು ಹಿಡಿದರೂ ದಾಂಡಿಗನು ಔಟಾಗುತ್ತಿದ್ದ. ಇದು ಆಟವನ್ನು ಬಾಲಕ್ರೀಡೆಯ ಮಟ್ಟದಲ್ಲಿರಿಸುತ್ತದೆಂದು ಚಾಡ್ವಿಕ್ಕರು ವರ್ಷಾನುಗಟ್ಟಲೆ ವಾದಿಸಿದರು. ಕೊನೆಗೆ 1865ರ ಋತುವಿನಿಂದ ಆಕಾಶದಲ್ಲಿರುವಾಗಲೇ ಚೆಂಡನ್ನು ಹಿಡಿಯಬೇಕೆಂಬ ನಿಯಮವು ಜಾರಿಗೆ ಬಂದಿತು.

ಇಷ್ಟರಲ್ಲಿ ಆಟವು ವಿನೋದದ ಅವಸ್ಥೆಯನ್ನು ದಾಟಿ ವೃತ್ತಿಯಾಯಿತು. 1869ರಲ್ಲಿ ಸಿನ್ಸಿನಾಟಿ ನಗರದ ತಂಡವು ತನ್ನ ಆಟಗಾರರೆಲ್ಲರಿಗೂ ಬಹಿರಂಗವಾಗಿ ಸಂಬಳವನ್ನು ಕೊಟ್ಟಿತು. 1871ರಲ್ಲಿ ವೃತ್ತಿಪರರ ಮೊದಲ ಸಂಘವೂ, 1876ರಲ್ಲಿ ನ್ಯಾಷನಲ್ ಲೀಗ್ ಎಂಬ ಒಕ್ಕೂಟವೂ ಸ್ಥಾಪಿತವಾದವು. ಹಣದ ಹಿಂದೆಯೇ ಜೂಜೂ ಮದ್ಯವೂ ಬಂದವು. ಹಣ ಪಡೆದು ಬೇಕೆಂದೇ ಸೋಲುವ ದುಷ್ಟ ಪದ್ಧತಿಯು ತಲೆಯೆತ್ತಿತು. 1877ರಲ್ಲಿ ಲೂಯಿವಿಲ್ ತಂಡದ ನಾಲ್ವರು ಆಟಗಾರರು ಇಂತಹ ಅಪರಾಧಕ್ಕಾಗಿ ಜೀವನಪರ್ಯಂತ ಆಟದಿಂದ ಬಹಿಷ್ಕೃತರಾದರು. ಚಾಡ್ವಿಕ್ಕರು ಜೂಜಿನ ವಿರುದ್ಧವೂ ಕುಡಿತದ ವಿರುದ್ಧವೂ ತಮ್ಮ ಲೇಖನಿಯನ್ನು ಎಂದೂ ಕೆಳಗಿಡಲಿಲ್ಲ. ಇಲ್ಲಿ ಅವರ ಕೋಷ್ಟಕವು ಹೊಸದೊಂದು ಹೊಣೆಯನ್ನು ಹೊತ್ತಿತು. ಆಟಗಾರನ ಅನ್ನವೇ ಅವನ ಆಟದ ಮೇಲೆ ನಿಂತಾಗ ಪಟ್ಟಿಯ ಒಂದೊಂದು ಅಂಕಿಯೂ ಅವನ ಸಂಸಾರದ ತಕ್ಕಡಿಗೆ ಬೀಳುವ ಬಟ್ಟಾಯಿತು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯ ಮುಂದೆ ಕಬ್ಬಿನ ಗಾಡಿಯನ್ನು ನಿಲ್ಲಿಸಿಕೊಂಡ ಮುಧೋಳ-ಜಮಖಂಡಿಯ ರೈತನಿಗೆ, ಆಲಮಟ್ಟಿಯ ಹಿನ್ನೀರಿಗೆ ಮನೆ-ಹೊಲಗಳನ್ನು ಬಿಟ್ಟುಕೊಟ್ಟ ಬೀಳಗಿ ತಾಲೂಕಿನ ಕುಟುಂಬಕ್ಕೆ, ತನ್ನ ಪಾಲಿನ ಅಂಕಿ ಸರಿಯಾಗಿರಬೇಕೆಂಬ ಕಳವಳ ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ.

ಈ ಹೊಣೆಯ ಅರಿವಿನಿಂದಲೇ ಚಾಡ್ವಿಕ್ಕರು ತಮ್ಮ ಕೋಷ್ಟಕದ ಕುರುಡುತನವನ್ನು ಕೆಲಮಟ್ಟಿಗೆ ತಾವೇ ಗುರುತಿಸಿದರು. ಕ್ಷೇತ್ರರಕ್ಷಣೆಯಲ್ಲಿ ತಪ್ಪುಗಳನ್ನು ಮಾತ್ರ ಎಣಿಸಿದರೆ ಏನಾಗುತ್ತದೆ? ದೂರದ ಚೆಂಡಿಗೆ ಓಡದೆ ನಿಂತಲ್ಲಿಯೇ ನಿಂತವನಿಗೆ ತಪ್ಪೇ ಇಲ್ಲ. ಓಡಿ ಹೋಗಿ ಕೈಚಾಚಿ ಹತ್ತರಲ್ಲಿ ಎಂಟನ್ನು ಹಿಡಿದವನ ಹೆಸರಿನ ಮುಂದೆ ಎರಡು ತಪ್ಪು! ಸೋಮಾರಿಗೆ ಪುರಸ್ಕಾರ, ಉದ್ಯಮಿಗೆ ತಿರಸ್ಕಾರ. ಹಾಗಾಗಬಾರದು, ಎಷ್ಟು ಒಳ್ಳೆಯ ಕೆಲಸ ಮಾಡಿದನೆಂಬುದರಿಂದಲೇ ಆಟಗಾರನನ್ನು ಅಳೆಯಬೇಕೇ ಹೊರತು ಎಷ್ಟು ಕಡಿಮೆ ತಪ್ಪು ಮಾಡಿದನೆಂಬುದರಿಂದಲ್ಲ ಎಂಬುದು ಅವರ ಅಭಿಮತವಾಗಿತ್ತು. ಈ ಮಾತು ರೂಢಿಗೆ ಬರಲು ನೂರು ವರ್ಷಗಳೇ ಬೇಕಾದವು.

ಆದರೆ ಇಷ್ಟು ಸೂಕ್ಷ್ಮದರ್ಶಿಯಾದ ಈ ಮಹನೀಯರ ಕಣ್ಣಿಗೂ ಒಂದು ಸಂಗತಿ ಬೀಳಲಿಲ್ಲ. ಮೇಲೆ ಹೇಳಿದ ನಡಿಗೆಯನ್ನು ಅವರು ಎಸೆತಗಾರನ ತಪ್ಪೆಂದು ಎಣಿಸಿದರೇ ಹೊರತು ದಾಂಡಿಗನ ಗುಣವೆಂದು ಎಣಿಸಲಿಲ್ಲ. ಹೊಡೆಯದೆ ಸುಮ್ಮನೆ ನಿಂತವನಿಗೆ ಏತರ ಶ್ರೇಯಸ್ಸು ಎಂಬುದು ಅವರ ತರ್ಕ. ಆದುದರಿಂದ ದಾಂಡಿಗನ ಸರಾಸರಿಯಲ್ಲಿ ನಡಿಗೆಗೆ ಸ್ಥಾನವೇ ದೊರೆಯಲಿಲ್ಲ. 1887ರಲ್ಲಿ ಒಂದೇ ಒಂದು ವರ್ಷ ನಡಿಗೆಯನ್ನು ಹೊಡೆತಕ್ಕೆ ಸಮನೆಂದು ಎಣಿಸಿದಾಗ ಎಲ್ಲರ ಸರಾಸರಿಗಳೂ ಅತಿಯಾಗಿ ಉಬ್ಬಿದವು. ಜನರು ಮೆಚ್ಚದೆ ಮರುವರ್ಷವೇ ಅದನ್ನು ಕೈಬಿಟ್ಟರು. ಕೆಟ್ಟ ಎಸೆತವಾವುದು, ಒಳ್ಳೆಯ ಎಸೆತವಾವುದು ಎಂದು ಕ್ಷಣಾರ್ಧದಲ್ಲಿ ಅರಿತು, ಬೀಸಬೇಕೆಂಬ ಆಸೆಯನ್ನು ಅಡಗಿಸಿ ನಿಲ್ಲುವುದೂ ಒಂದು ವಿದ್ಯೆ. ಹಾಗೆ ನಿಂತವನು ಔಟಾಗದೆ ಉಳಿದು ತಂಡಕ್ಕೆ ಓಟದ ದಾರಿಯನ್ನು ತೆರೆಯುತ್ತಾನೆ. ಈ ಸಂಯಮವು ಪಟ್ಟಿಗೆ ಬಾರದಿದ್ದುದರಿಂದ ಅಂತಹ ಆಟಗಾರರು ತಲೆಮಾರುಗಳವರೆಗೆ ಕಡಿಮೆ ಬೆಲೆಯವರೆನಿಸಿಕೊಂಡರು.

ನಮ್ಮ ನೆರೆಯದೇ ಆದ ಒಂದು ನಿದರ್ಶನದಿಂದ ಇದು ಇನ್ನೂ ಸ್ಪಷ್ಟವಾದೀತು. ಜಮಖಂಡಿಯಂತೆಯೇ ಪಟವರ್ಧನ ಮನೆತನದ ಆಳಿಕೆಯಲ್ಲಿದ್ದ ಸಾಂಗಲಿಯಲ್ಲಿ 1915ರಲ್ಲಿ ಹುಟ್ಟಿದ ವಿಜಯ ಹಜಾರೆಯವರ ಹೆಸರನ್ನು ಕ್ರಿಕೆಟ್ ಬಲ್ಲವರೆಲ್ಲರೂ ಕೇಳಿದ್ದಾರೆ. 1943ರ ಡಿಸೆಂಬರಿನಲ್ಲಿ ಮುಂಬಯಿಯ ಪೆಂಟ್ಯಾಂಗ್ಯುಲರ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಅವರು ತಮ್ಮ ತಂಡದ 387 ಓಟಗಳಲ್ಲಿ ಒಬ್ಬರೇ 309 ಗಳಿಸಿದರು. ಸ್ಕೋರು ಪುಸ್ತಕವು ಈ ಅದ್ಭುತವನ್ನು ಶಾಶ್ವತಗೊಳಿಸಿದೆ. ಅದೇ ಪುಟದಲ್ಲಿ ಅವರ ತಮ್ಮ ವಿವೇಕರ ಹೆಸರಿನ ಮುಂದೆ 21 ಎಂದಿದೆ. ಆದರೆ ಅಣ್ಣ-ತಮ್ಮಂದಿರು ಜೊತೆಗೂಡಿ ಸೇರಿಸಿದ ಓಟಗಳು 300. ತಮ್ಮನು ತಾಳ್ಮೆಯಿಂದ ಆ ತುದಿಯನ್ನು ಕಾದು ನಿಲ್ಲದಿದ್ದರೆ ಅಣ್ಣನ 309 ಎಲ್ಲಿಂದ ಬರಬೇಕು? 21 ಎಂಬ ಅಂಕಿ ಸುಳ್ಳಲ್ಲ; ಆದರೆ ಅದು ಪೂರ್ಣ ಸತ್ಯವೂ ಅಲ್ಲ. ಜೊತೆಯಾಟದ ಲೆಕ್ಕವನ್ನು ಯಾರೋ ಬರೆದಿಟ್ಟಿದ್ದರಿಂದ ಮಾತ್ರ ವಿವೇಕರ ಸೇವೆ ಇಂದಿಗೂ ನಮಗೆ ತಿಳಿದಿದೆ. ಒಂದು ಅಂಕಿಯು ಮರೆಮಾಚಿದ ಸತ್ಯವನ್ನು ಇನ್ನೊಂದು ಅಂಕಿಯು ಎತ್ತಿ ತೋರಿದೆ.

ಚಾಡ್ವಿಕ್ಕರ ಜೀವನದ ಉತ್ತರಾರ್ಧಕ್ಕೆ ಬರೋಣ. 1881ರಿಂದ ತಮ್ಮ ಕೊನೆಯ ವರ್ಷದವರೆಗೆ ಅವರು ಸ್ಪಾಲ್ಡಿಂಗ್ ಸಂಸ್ಥೆಯ ವಾರ್ಷಿಕ ಬೇಸ್‌ಬಾಲ್ ಕೈಪಿಡಿಯನ್ನು ಸಂಪಾದಿಸಿದರು. ಮುಪ್ಪಿನಲ್ಲಿ ನ್ಯಾಷನಲ್ ಲೀಗ್ ಅವರಿಗೆ ವರ್ಷಾಶನವನ್ನು ಏರ್ಪಡಿಸಿತು. ಬಿಳಿಯ ಗಡ್ಡದ ಆ ವೃದ್ಧರನ್ನು ಜನರು ಪ್ರೀತಿಯಿಂದ ಬೇಸ್‌ಬಾಲಿನ ತಂದೆ ಎಂದು ಕರೆಯುತ್ತಿದ್ದರು.

ಈ ಕೊನೆಗಾಲದಲ್ಲಿಯೇ ಅವರ ಸತ್ಯನಿಷ್ಠೆಯ ಪರೀಕ್ಷೆಯೂ ನಡೆಯಿತು. ಬೇಸ್‌ಬಾಲ್ ಇಂಗ್ಲೆಂಡಿನ ಮಕ್ಕಳಾಡುವ ರೌಂಡರ್ಸ್ ಎಂಬ ಆಟದಿಂದ ಬೆಳೆದುದೆಂದು 1903ರಲ್ಲಿ ಅವರು ಬರೆದರು. ಅವರ ಮಿತ್ರರೂ ಕೈಪಿಡಿಯ ಪ್ರಕಾಶಕರೂ ಆಗಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ ಅವರಿಗೆ ಇದು ಸಹ್ಯವಾಗಲಿಲ್ಲ. ಆಟವು ಅಪ್ಪಟ ಅಮೆರಿಕದ್ದೇ ಆಗಿರಬೇಕೆಂಬ ಅಭಿಮಾನದಿಂದ 1905ರಲ್ಲಿ ಒಂದು ಸಮಿತಿಯನ್ನು ನೇಮಿಸಲು ಕಾರಣರಾದರು. ಅಬ್ನರ್ ಡಬಲ್‌ಡೇ ಎಂಬ ಸೇನಾಧಿಕಾರಿಯು 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಈ ಆಟವನ್ನು ನಿರ್ಮಿಸಿದನೆಂದು ಆ ಸಮಿತಿಯು 1907ರ ಕೊನೆಗೆ ತೀರ್ಪಿತ್ತಿತು. ಆ ವರ್ಷ ಡಬಲ್‌ಡೇ ಸೈನಿಕ ವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದನೆಂಬುದನ್ನು ಮುಂದಿನ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ಚಾಡ್ವಿಕ್ಕರು ಆ ತೀರ್ಪನ್ನು ಒಪ್ಪಲಿಲ್ಲ. ಆದರೂ ಮಿತ್ರರೊಡನೆ ವೈರವನ್ನು ಬೆಳೆಸಲಿಲ್ಲ. ಅಂಕಿಯ ವಿಷಯದಲ್ಲಿ ಹೇಗೋ ಇತಿಹಾಸದ ವಿಷಯದಲ್ಲಿಯೂ ಹಾಗೆಯೇ, ಅಭಿಮಾನಕ್ಕಿಂತ ಸಾಕ್ಷ್ಯವೇ ಮೇಲೆಂಬುದು ಅವರ ನಡವಳಿಕೆಯಾಗಿತ್ತು.

1908ರ ಏಪ್ರಿಲ್ ತಿಂಗಳಲ್ಲಿ ಚಳಿಯನ್ನು ಲೆಕ್ಕಿಸದೆ ಪಂದ್ಯವನ್ನು ನೋಡಲು ಹೋದ ಆ ವೃದ್ಧರು ಶ್ವಾಸಕೋಶದ ಬೇನೆಗೆ ತುತ್ತಾಗಿ, 20ನೆಯ ದಿನಾಂಕದಂದು ತಮ್ಮ 83ನೆಯ ವಯಸ್ಸಿನಲ್ಲಿ ಬ್ರೂಕ್ಲಿನ್ನಿನಲ್ಲಿ ಕೀರ್ತಿಶೇಷರಾದರು. ಕ್ರೀಡಾಂಗಣಗಳಲ್ಲಿ ಧ್ವಜಗಳನ್ನು ಅರ್ಧಕ್ಕಿಳಿಸಲಾಯಿತು. ಗ್ರೀನ್‌ವುಡ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಶಿಖರದಲ್ಲಿ ಕಲ್ಲಿನ ಚೆಂಡೊಂದಿದೆ. ಮೂಲೆಗಳಲ್ಲಿ ಆಟದ ತಾಣಗಳನ್ನು ಕಲ್ಲಿನಲ್ಲಿ ಕೆತ್ತಿ ಇರಿಸಲಾಗಿದೆ. 1938ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಅವರು ಆಯ್ಕೆಯಾದರು. ಆ ಮಂದಿರವು 1939ರಲ್ಲಿ ತೆರೆದುದು ಅವರು ಒಪ್ಪದೆ ಹೋದ ಕಥೆಯ ಕೂಪರ್ಸ್‌ಟೌನ್ ಊರಿನಲ್ಲಿಯೇ ಎಂಬುದು ಕಾಲದ ಲೀಲೆ.

ಅವರು ನೆಟ್ಟ ಸಸಿಯು ಮರವಾದ ಬಗೆಯನ್ನು ಸಂಕ್ಷೇಪವಾಗಿ ಹೇಳಬೇಕು. 1947ರಲ್ಲಿ ಬ್ರೂಕ್ಲಿನ್ನಿನ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕ್ಕಿಯವರು ಅಲೆನ್ ರಾತ್ ಎಂಬ ಸಂಖ್ಯಾಶಾಸ್ತ್ರಜ್ಞರನ್ನು ಪೂರ್ಣಾವಧಿಗೆ ನೇಮಿಸಿಕೊಂಡರು. ದಾಂಡಿಗನು ಹೇಗಾದರೂ ಸರಿ, ಔಟಾಗದೆ ತಾಣವನ್ನು ಮುಟ್ಟಿದ ಪ್ರಮಾಣವೇ ಮುಖ್ಯವೆಂದು ಅವರಿಬ್ಬರೂ ಕಂಡುಕೊಂಡರು. ಚಾಡ್ವಿಕ್ಕರು ಬಿಟ್ಟ ನಡಿಗೆಗೆ ಹೀಗೆ ಸ್ಥಾನವು ದೊರೆಯಿತು. 1977ರಲ್ಲಿ ಬಿಲ್ ಜೇಮ್ಸ್ ಎಂಬವರು ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲು ಕಾಯುತ್ತ ಬರೆದ ಅಂಕಿ-ಅಂಶಗಳ ಹೊತ್ತಗೆಯನ್ನು ಪ್ರಕಟಿಸಿ ಈ ವಿಚಾರಧಾರೆಯನ್ನು ಜನಸಾಮಾನ್ಯರವರೆಗೆ ಒಯ್ದರು. 1984ರಲ್ಲಿ ಆ ಪ್ರಮಾಣವು ಅಧಿಕೃತ ಅಂಕಿಯಾಯಿತು. 2002ರಲ್ಲಿ ಬಿಲ್ಲಿ ಬೀನ್ ಅವರ ನಿರ್ವಹಣೆಯಲ್ಲಿದ್ದ ಓಕ್ಲಂಡ್ ತಂಡವು, ಇತರರು ಕಡೆಗಣಿಸಿದ ಇಂತಹ ಆಟಗಾರರನ್ನು ಕಡಿಮೆ ಹಣಕ್ಕೆ ಪಡೆದು, ಸತತವಾಗಿ 20 ಪಂದ್ಯಗಳನ್ನು ಗೆದ್ದು, ಆ ಋತುವಿನಲ್ಲಿ ಒಟ್ಟು 103 ಗೆಲುವುಗಳನ್ನು ಸಾಧಿಸಿತು. ಪಟ್ಟಿಯಿಂದ ಹೊರಗೆ ಉಳಿದವರೇ ಗೆಲುವಿನ ಆಧಾರಸ್ತಂಭಗಳಾದರು!

ಕ್ರಿಕೆಟ್ಟಿಗೂ ಈ ಶಾಸ್ತ್ರವು ಮರಳಿ ಬಂದಿತು. 1992ರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಮಳೆಯಾದ ಕಾರಣ, ಅಂದಿನ ಲೆಕ್ಕದ ಕ್ರಮದಂತೆ ದಕ್ಷಿಣ ಆಫ್ರಿಕಾ ತಂಡಕ್ಕೆ ಒಂದೇ ಎಸೆತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಓಟಗಳು ಬೇಕಾಗಿ ಬಂದು ಲೋಕವೆಲ್ಲ ಮರುಗಿತು. ಆ ಅನ್ಯಾಯವನ್ನು ಹೋಗಲಾಡಿಸಲು ಡಕ್ವರ್ತ್ ಮತ್ತು ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಸೂತ್ರವು 1997ರಲ್ಲಿ ಮೊದಲಿಗೆ ಬಳಕೆಗೆ ಬಂದಿತು. ಉಳಿದ ಓವರುಗಳ ಜೊತೆಗೆ ಉಳಿದ ವಿಕೆಟುಗಳನ್ನೂ ತೂಗಿ ನೋಡುವುದು ಅದರ ಹೆಚ್ಚುಗಾರಿಕೆ. ನಮ್ಮ ಹಳ್ಳಿಯ ಆಟವಾದ ಕಬಡ್ಡಿಯೂ 2014ರಲ್ಲಿ ವೃತ್ತಿಪರ ಪಂದ್ಯಾವಳಿಯಾದ ಬಳಿಕ ದಾಳಿಗಾರನ ಅಂಕಗಳೂ ಹಿಡಿತಗಾರನ ಅಂಕಗಳೂ ಬೇರೆ ಬೇರೆಯಾಗಿ ದಾಖಲಾಗುತ್ತಿವೆ.

ಇಷ್ಟು ದೂರದ ನಾಡಿನ, ಇಷ್ಟು ಹಿಂದಿನ ಒಬ್ಬರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯುವುದರ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಶಾಲೆಯೆಂಬುದೂ ಒಂದು ಕಣವೇ. ಅಂಕಪಟ್ಟಿಯೂ ಒಂದು ಕೋಷ್ಟಕವೇ. ಅಂಕಪಟ್ಟಿಯನ್ನು ತೆಗೆದುಹಾಕಬೇಕೆಂದು ಚಾಡ್ವಿಕ್ಕರ ಚರಿತ್ರೆಯು ಹೇಳುವುದಿಲ್ಲ. ಲೆಕ್ಕವಿಲ್ಲದಲ್ಲಿ ವಶೀಲಿಯೂ ವದಂತಿಯೂ ಆಳುತ್ತವೆ. ಆದರೆ ಪಟ್ಟಿಯಲ್ಲಿ ಯಾವ ಮನೆಯನ್ನು ನಾವು ಗೆರೆಯೆಳೆದು ತೆರೆದಿಲ್ಲವೋ ಆ ಗುಣವುಳ್ಳ ಮಗುವು ನಮ್ಮ ಕಣ್ಣಿಗೆ ಬೀಳದು ಎಂಬ ಎಚ್ಚರವನ್ನು ಅದು ಕೊಡುತ್ತದೆ. ಮಗ್ಗದ ಮನೆಯಲ್ಲಿ ಬೆಳಗಿನ ಜಾವ ಕಂಡಿಕೆ ಸುತ್ತಿ ಶಾಲೆಗೆ ಬರುವ ಬಾಲಕನಿಗೂ ಓದುವುದೇ ಕೆಲಸವಾಗಿರುವ ಬಾಲಕನಿಗೂ ದೊರೆತ ಅವಕಾಶಗಳೆಷ್ಟೆಂದು ನೋಡದೆ ಅಂಕಗಳನ್ನಷ್ಟೇ ಹೋಲಿಸುವುದು, ಪಂದ್ಯದ ಸರಾಸರಿಯಿಂದ ದುರ್ಬಲ ತಂಡದ ಆಟಗಾರನನ್ನು ಅಳೆದಂತೆಯೇ ಸರಿ. ತಪ್ಪಿಗೆ ಅಂಜಿ ಕೈಯೆತ್ತದೆ ಕುಳಿತ ವಿದ್ಯಾರ್ಥಿಗಿಂತ, ಎದ್ದು ನಿಂತು ಎರಡು ಸಲ ತಪ್ಪಿ ಎಂಟು ಸಲ ಸರಿಯಾಗಿ ಉತ್ತರಿಸಿದವನೇ ಮೇಲು.

ಕೊನೆಯದಾಗಿ ಒಂದು ವಿಜ್ಞಾಪನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪ್ರತಿಯೊಂದು ಶಾಲೆಯಲ್ಲಿಯೂ ಗಟ್ಟಿ ರಟ್ಟಿನ ಒಂದು ಕ್ರೀಡಾ ದಾಖಲೆಯ ಪುಸ್ತಕವಿರಲಿ. ಯಾವ ದಿನ, ಯಾರೊಡನೆ, ಯಾರು ಆಡಿದರು, ಯಾರು ಗಳಿಸಿದರು ಎಂಬುದರ ಜೊತೆಗೆ ಯಾರ ನೆರವಿನಿಂದ ಗಳಿಸಿದರು ಎಂಬುದಕ್ಕೂ ಅದರಲ್ಲಿ ಒಂದು ಮನೆಯಿರಲಿ. ದಾನಿಗಳು ಢಾಲುಗಳನ್ನು ಕೊಡಿಸುವಾಗ ಈ ಪುಸ್ತಕವನ್ನೂ ನೆನೆಯಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಕಾಲದ ಆಟಗಳ ನೆನಪನ್ನು ಮಾಸುವ ಮುನ್ನ ಅದರಲ್ಲಿ ಬರೆಯಿಸಲಿ. ವ್ಯಾಯಾಮ ಶಿಕ್ಷಕರೂ ಗಣಿತದ ಶಿಕ್ಷಕರೂ ಒಂದೇ ಮೇಜಿನ ಮುಂದೆ ಕುಳಿತು ಮಕ್ಕಳಿಂದಲೇ ಆ ಲೆಕ್ಕವನ್ನು ಬರೆಯಿಸಲಿ. ಸರಾಸರಿಯೆಂಬ ಪಾಠವನ್ನು ಕರಿಹಲಗೆಗಿಂತ ಆ ಪುಸ್ತಕದಿಂದ ಮಕ್ಕಳು ಬೇಗ ಕಲಿತಾರು. ಗೆದ್ದವನ ಪಕ್ಕದಲ್ಲಿ ಆ ತುದಿಯನ್ನು ಕಾದು ನಿಂತವನ ಹೆಸರನ್ನೂ ಅವರ ಕೈಯೇ ಬರೆದೀತು. ಚಾಡ್ವಿಕ್ಕರ ಪುಣ್ಯಸ್ಮರಣೆಗೆ ಇದಕ್ಕಿಂತ ತಕ್ಕ ಕಾಣಿಕೆ ಬೇರೊಂದಿಲ್ಲ.